ಸತೀಶ್ ಜೋಡಿಸಿದ ಕಂಪ್ಯೂಟರ್

"ಮುಟ್ಟಬೇಡಿ ಅದನ್ನ!"

ಅನುಶ್ರೀಯ ಕೂಗಿಗೆ ದೀಪಕ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಕುಶಾಲನಗರದ ಆ ಪುಟ್ಟ ರಿಪೇರಿ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಬಿಚ್ಚದೆ ಒಳಗೇನಿದೆ ಅಂತ ಹೆಂಗೆ ಹೇಳ್ಲಿ ಮೇಡಂ?"

ಅವಳ ಕಣ್ಣು ತುಂಬಿತು. "ನನ್ನ ಗಂಡ ಸತೀಶ್ ಕೈಯಾರೆ ಜೋಡಿಸಿದ್ದು... ಅವರು ಹೋಗಿ ಎರಡು ವರ್ಷ ಆಯ್ತು."

ದೀಪಕ್ ಸ್ಕ್ರೂಡ್ರೈವರ್ ಕೆಳಗಿಟ್ಟ.

ಸತೀಶನ ಫೋಟೊ, ವಿಡಿಯೊಗಳೆಲ್ಲ ಇದ್ದದ್ದು ಆ ಹಳೆಯ ಕಂಪ್ಯೂಟರಿನಲ್ಲೇ. ಅದನ್ನೇ ಮನೆಯ ಸರ್ವರ್ ಮಾಡಿ ಸದಾ ಆನ್ ಇಡಬೇಕು, ಮಗಳು ಚಿನ್ನಿ ಬೇಕೆಂದಾಗ ಫೋನಿನಲ್ಲಿ ಅಪ್ಪನನ್ನು ನೋಡುವಂತಾಗಬೇಕು... ಅವಳ ಆಸೆ ಅಷ್ಟೇ.

ದೀಪಕ್ ಕಪಾಟಿನಿಂದ, ಯಾವುದೋ ಆಫೀಸಿನವರು ಮಾರಿಹೋಗಿದ್ದ ಟಿಫನ್ ಬಾಕ್ಸಿನಷ್ಟೇ ಪುಟ್ಟದಾದ ಕಂಪ್ಯೂಟರ್ ತೆಗೆದ. "ಇದೂ ಹಳೇದೇ. ಆದ್ರೆ ಕರೆಂಟ್ ಕಮ್ಮಿ ಸಾಕು, ಬಿಸಿ ಆಗಲ್ಲ. ಕರೆಂಟ್ ಹೋದ್ರೂ ಯುಪಿಎಸ್‌ನಲ್ಲಿ ಸುಮಾರು ಹೊತ್ತು ತಡ್ಕೊಳ್ಳತ್ತೆ. ನಿಮ್ಮದು ಗೇಮ್ ಆಡೋಕೆ ಮಾಡಿರೋ ಮಿಷನ್ನು, ಡಿಸ್ಕ್ ಬೇರೆ ಸದ್ದು ಮಾಡ್ತಿದೆ. ಎಲ್ಲ ಇದಕ್ಕೆ ಕಾಪಿ ಮಾಡ್ಕೊಂಡು ನಿಮ್ಮದನ್ನ ಬಿಟ್ಬಿಡಿ."

ಬಿಟ್ಬಿಡಿ! ಎಷ್ಟು ಸಲೀಸಾಗಿ ಹೇಳಿದ!

"ನಿಮಗೆ ಬೇಕಿರೋದು ಅದನ್ನ ಮಾರೋಕೆ ಒಬ್ಬ ಗಿರಾಕಿ, ಅಷ್ಟೇ!"

ಅವಳು ಆ ಭಾರವನ್ನು ಎದೆಗವಚಿಕೊಂಡು ಆಟೋ ಹತ್ತಿದಳು.

ಮನೆಯಲ್ಲಿ ತಾನೇ ವಿಡಿಯೊ ನೋಡಿ ಕಲಿತು ಹೇಗೋ ಸರ್ವರ್ ಮಾಡಿದಳು. ಚಿನ್ನಿ ಕುಣಿದಳು. ಆದರೆ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಬಂದು, ಮತ್ತೆ ಹೋಯಿತು. ಆಮೇಲೆ ಕಂಪ್ಯೂಟರಿನ ಒಳಗಿನಿಂದ ಬಂದದ್ದು ಬರೀ ಟಿಕ್... ಟಿಕ್...

"ಅಮ್ಮಾ, ಅಪ್ಪ ಯಾಕೆ ಬರ್ತಿಲ್ಲ?"

ಅನುಶ್ರೀ ನೆಲದ ಮೇಲೆ ಕುಸಿದಳು. 'ಎರಡನೇ ಸಲ ಕಳ್ಕೊಂಡೆನಾ? ಅದೂ ನನ್ನ ಹಟಕ್ಕೆ!'

ತಲೆತಗ್ಗಿಸಿಕೊಂಡು ಮತ್ತೆ ಆ ಅಂಗಡಿಗೇ ಹೋದಳು. ದೀಪಕ್ ಒಂದು ಮಾತಿನಲ್ಲೂ ಚುಚ್ಚಲಿಲ್ಲ.

"ನಂದೂ ತಪ್ಪಿದೆ. ಬಿಟ್ಬಿಡಿ ಅಂತ ಅಷ್ಟು ಸುಲಭವಾಗಿ ಹೇಳಬಾರದಿತ್ತು," ಎಂದ.

ಡಿಸ್ಕ್ ರಿಪೇರಿ ಮಾಡುವವರ ಬಳಿಗೆ ಮೈಸೂರಿಗೆ ತಾನೇ ಬಸ್ಸಿನಲ್ಲಿ ಕೊಂಡೊಯ್ದ. ಮತ್ತೆ ಹೋದ. ಇನ್ನೂ ಒಮ್ಮೆ ಹೋದ.

ಕೊನೆಗೊಂದು ಭಾನುವಾರ ಆ ಪುಟ್ಟ ಕಂಪ್ಯೂಟರ್ ಹಿಡಿದು ಅವಳ ಮನೆಗೆ ಬಂದ. ಅವಳ ಮುಖ ನೋಡಲಾಗಲಿಲ್ಲ ಅವನಿಗೆ. "ಎಲ್ಲ ಸಿಗ್ಲಿಲ್ಲ... ಮದುವೆ ವಿಡಿಯೊ ಹೋಯ್ತು. ಸಿಕ್ಕಿದ್ದನ್ನ ಎರಡು ಡಿಸ್ಕಲ್ಲಿ ಹಾಕಿದೀನಿ. ಒಂದು ಕೆಟ್ರೂ ಇನ್ನೊಂದ್ರಲ್ಲಿ ಇರತ್ತೆ."

ಫೋನಿನಲ್ಲಿ ಸತೀಶ್ ಪುಟಾಣಿ ಚಿನ್ನಿಗೆ ನೀರೆರೆಯುತ್ತಿದ್ದ. "ಏ, ಕಣ್ಣು ಮುಚ್ಕೊಳೇ!"

ಚಿನ್ನಿ ಕಿಲಕಿಲ ನಕ್ಕಳು. ಅನುಶ್ರೀ ಬಿಕ್ಕಿ ಬಿಕ್ಕಿ ಅತ್ತಳು.

ದೀಪಕ್ ಸದ್ದಿಲ್ಲದೆ ಹೊರಟ. ಅವಳು ಕಣ್ಣೊರೆಸಿಕೊಂಡು ಜಗಲಿಗೆ ಓಡಿಬಂದಳು.

"ಯಾಕೆ ಇಷ್ಟೆಲ್ಲ ಮಾಡಿದ್ರಿ?"

ಮೆಟ್ಟಿಲಿಳಿಯುತ್ತಿದ್ದವನು ತಿರುಗಿ ನಿಂತ. "ನಿಮ್ಮನ್ನ ಇಷ್ಟಪಟ್ಟೆ, ಅನುಶ್ರೀ. ಹೇಳೋಕೆ ಇದು ಹೊತ್ತಲ್ಲ, ಗೊತ್ತು... ಉತ್ತರಾನೂ ಬೇಡ."

"ನಾನು ಅವರನ್ನ ಮರೆಯಲ್ಲ ದೀಪಕ್. ಯಾವತ್ತೂ."

"ಮರೀಬೇಡಿ. ಅವರ ಬಗ್ಗೆ ಯಾರ ಹತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ... ನನಗೆ ಹೇಳಿ."

ಸತೀಶ್ ಹೋದಮೇಲೆ ಅವನ ಹೆಸರೆತ್ತಿದರೆ ಸಾಕು, ಜನ ಮಾತು ಬದಲಿಸುತ್ತಿದ್ದರು. ಕೇಳುತ್ತೇನೆಂದವನು ಇವನೊಬ್ಬನೇ!

ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟಳು. ದೀಪಕ್ ಬಂದು ಕೂತ.

"ಒಂದ್ಸಲ ಕಾವೇರಿ ಹೊಳೇಲಿ ಮೀನು ಹಿಡೀತೀನಿ ಅಂತ ಹೋಗಿ, ಚಪ್ಪಲಿ ಕಳ್ಕೊಂಡು ಬಂದಿದ್ರು..."

"ಒಂದೇ ಚಪ್ಪಲೀನಾ?"

"ಎರಡೂ!" ಅಳುತ್ತಲೇ ನಕ್ಕಳು ಅನುಶ್ರೀ.