ಬರಿಗತ್ತಿನ ಒಂಟೆ

"ನನ್ನ ಚಿಕ್ಕಪ್ಪನ್ನ ಕೊಂದೋನು ನೀನೇ ಕಣೋ ಯಿನ್!" ಎಂದು ಯಾನ್‌ಬೊ ಒಂಟೆ ಲಾಯದಲ್ಲಿ ನನ್ನ ಕೊರಳಪಟ್ಟಿ ಹಿಡಿದ.

"ಕೈ ತೆಗಿ! ಇಲ್ಲಾಂದ್ರೆ ಮುಖ ಮೂತಿ ಒಂದು ಮಾಡ್ಬಿಡ್ತೀನಿ!"

"ನಿನ್ನೆ ಸವಾರಿ ಸರದಿಗೆ ಅವರ ಜೊತೆ ಕಿತ್ತಾಡ್ದೆ. ಇವತ್ತು ನಮ್ಮ ಹಿಂದೆ ಬಂದೋನು ನೀನೊಬ್ನೇ. ಪೊಲೀಸರು ಹೊರಟಿದಾರೆ, ಅವರ ಮುಂದೆ ಹಾರಾಡು!"

ನಾನು ಕಿತ್ತಾಡಿದ್ದೂ ಹಿಂದೆ ಬಂದದ್ದೂ ಸುಳ್ಳಲ್ಲ. ಪ್ರವಾಸಿಗರನ್ನು ಅರ್ಧಚಂದ್ರ ಕೊಳದ ಬಳಿ ಇಳಿಸಿ ಯಾನ್‌ಬೊ ಐದು ಒಂಟೆಗಳ ಸಾಲನ್ನು ಎಳೆದುಕೊಂಡು ಗೇಟಿನ ಕಡೆಗೆ ಹೊರಟಿದ್ದ. ಕೊನೆಯ ಒಂಟೆಯ ಮೇಲೆ ಅವನ ಚಿಕ್ಕಪ್ಪ ವಾನ್‌ಲು ಕೂತಿದ್ದ. ಬಹಳ ಹಿಂದೆ ನಾನು, ನನ್ನ ಖಾಲಿ ಒಂಟೆಗಳು. ಮರಳುಗಾಳಿಗೆ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಎರಡನೆಯ ತಿರುವಿನಲ್ಲಿ ನನ್ನ ಕಾಲು ವಾನ್‌ಲುವಿನ ಹೆಣಕ್ಕೆ ಎಡವಿತು. ತಲೆ ಒಡೆದಿತ್ತು. ಸುತ್ತ ಮರಳುದಿಬ್ಬಗಳು ಗಾಳಿಗೆ ಹೆಂಗಸರು ಅತ್ತ ಹಾಗೆ ಊಳಿಡುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅಂದು ಮಾತ್ರ ಮೈ ಜುಮ್ಮೆಂದಿತು.

ಆಗ ಲಿಂಗ್‌ಹು ಅಜ್ಜಿ ಒಳಗೆ ಬಂದಳು. ಗೇಟಿನಲ್ಲಿ ಪ್ರವಾಸಿಗರಿಗೆ ಮರಳು ಹೋಗದಂತೆ ಬೂಟಿನ ಮೇಲೆ ತೊಡುವ ಕಿತ್ತಳೆ ಬಣ್ಣದ ಕಾಲುಚೀಲ ಬಾಡಿಗೆಗೆ ಕೊಡುವವಳು. ದುನ್‌ಹುವಾಂಗ್‌ನಲ್ಲಿ ಯಾರ ಮನೆಯಲ್ಲಿ ಏನೇ ಕಳುವಾದರೂ ಜನ ಮೊದಲು ಓಡುವುದು ಅವಳ ಬಳಿಗೇ. ಅವಳ ಬೆನ್ನ ಹಿಂದೆ ಅಲೆಯುವವನು ನಾನು. ಹೆಣ ನೋಡಿ ಬಂದಿದ್ದ ಅಜ್ಜಿ, ಸತ್ತವನ ಒಂಟೆಯ ಬರಿಗತ್ತನ್ನು ಸವರಿದಳು. ಅದು ಮೇವು ಮುಟ್ಟದೆ ದಿಬ್ಬದ ಕಡೆಗೇ ನೋಡುತ್ತಿತ್ತು.

"ಎಲ್ಲರೂ ಕೂತ್ಕೊಳ್ರೋ," ಎಂದಳು. ಒಂಟೆಯವರೆಲ್ಲ ಕೂತೆವು. "ಯಾನ್‌ಬೊ, ಗೇಟಿನವರೆಗೂ ಒಂದ್ಸಲನೂ ಹಿಂದೆ ನೋಡ್ಲಿಲ್ವೇನೋ?"

"ಯಾಕೆ ನೋಡ್ಲಿ ಅಜ್ಜಿ? ಕೊನೇ ಒಂಟೆ ಗಂಟೆ ಸದ್ದು ಕೇಳಿಸ್ತಾನೇ ಇತ್ತಲ್ಲ."

ಎಲ್ಲರೂ ತಲೆಯಾಡಿಸಿದೆವು. ಸಾಲಿನ ಕೊನೆಯ ಒಂಟೆಯ ಕೊರಳಿಗೆ ಮಾತ್ರ ಗಂಟೆ ಕಟ್ಟುತ್ತೇವೆ; ಅದು ನಿಂತರೆ ಸಾಲು ಕಡಿದಿದೆ ಎಂದರ್ಥ. ಆಗ ಮಾತ್ರ ನಾವು ತಿರುಗುವುದು.

ಅಜ್ಜಿ ತನ್ನ ನೀಲಿ ಅಂಗಿಯ ಜೇಬಿನಿಂದ ಹಿತ್ತಾಳೆ ಗಂಟೆಯೊಂದನ್ನು ತೆಗೆದಳು. ಪಟ್ಟಿ ಹರಿದಿತ್ತು.

"ಇದು ವಾನ್‌ಲು ಮುಷ್ಟಿಯಲ್ಲಿತ್ತು. ಬೀಳೋವಾಗ ಒಂಟೆ ಕತ್ತಿಗೆ ಜೋತುಬಿದ್ದಿದಾನೆ, ಕಿತ್ತು ಬಂದಿದೆ. ಅಂದ್ಮೇಲೆ ಎರಡನೇ ತಿರುವಿಂದ ಈಚೆಗೆ ಗಂಟೆನೇ ಇರ್ಲಿಲ್ಲ. ಯಿನ್ ಕೊಂದಿದ್ರೆ ಸದ್ದು ನಿಂತ ಕೂಡ್ಲೇ ನೀನು ತಿರುಗ್ತಿದ್ದೆ. ತಿರುಗ್ಲಿಲ್ಲ. ಯಾಕಂದ್ರೆ ಅದು ನಿಂತಾಗ ನೀನು ಅದರ ಪಕ್ಕದಲ್ಲೇ ಇದ್ದೆ. ಒಂಟೆಗಳನ್ನ ನಿನಗಲ್ಲ, ಮಗಳಿಗೆ ಕೊಡ್ತೀನಿ ಅಂತ ವಾನ್‌ಲು ಮೊನ್ನೆ ಅಂದಿದ್ದು ನಾವೆಲ್ಲ ಕೇಳಿದೀವಿ. ಧೂಳಲ್ಲಿ ಗಂಟೆ ಹೋಗಿದ್ದು ನಿನಗೆ ಕಾಣ್ಲಿಲ್ಲ. ಸದ್ದು ಕೇಳಿಸ್ತಾ ಇತ್ತು ಅಂತ ರೂಢಿ ಮಾತು ಬಾಯಿಗೆ ಬಂತು."

"ರೂಢಿ ಮಾತಲ್ಲ!" ಯಾನ್‌ಬೊನ ತುಟಿ ಬಿಳಚಿತ್ತು. "ಕೇಳಿಸ್ತಿತ್ತು ಅಜ್ಜಿ, ಆಣೆ! ಅವರನ್ನ ಕೆಡವಿ ಬಂದ ಮೇಲೂ ಗೇಟಿನವರೆಗೂ ಕೇಳಿಸ್ತು. ಅದಕ್ಕೇ ತಿರುಗೋಕೆ ಧೈರ್ಯ ಬರ್ಲಿಲ್ಲ."

ಗಂಟೆಯ ನಾಲಗೆಯನ್ನು ಅಜ್ಜಿ ಬೆರಳಿನಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಅಗೋ ಗಂಟೆ... ಚಿಕ್ಕಪ್ಪ ಕರೀತಿದಾರೆ," ಎಂದು ಅವನು ಎದ್ದು ನಡೆದ. ನಾನು ಹಾರಿ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಅವನು ದಿಬ್ಬ ಹತ್ತಿ ಧೂಳಿನೊಳಗೆ ಹೋದ.

ಪೊಲೀಸರ ಜೀಪು ಬರುವಷ್ಟರಲ್ಲಿ ಹೆಜ್ಜೆಗಳು ಮುಚ್ಚಿಹೋಗಿದ್ದವು. ಯಾನ್‌ಬೊ ಮರಳಿ ಬರಲಿಲ್ಲ. ಬರಿಗತ್ತಿನ ಒಂಟೆ ಮಾತ್ರ ದಿಬ್ಬದಿಂದ ಮುಖ ತಿರುಗಿಸಿ ಮೇವಿಗೆ ಬಾಯಿ ಹಾಕಿತು.