ಈಶ್ವರ್ ಬಿದ್ದಿದ್ದ ಜಾಗ

ಸತ್ತೋರ ಮನಿ ತೊಳೆಯೋದು ನನ್ನ ಮತ್ತ ನನ್ನ ಹೆಂಡ್ತಿ ಭರಮಮ್ಮನ ಕೆಲಸ. ಗಣಿ ಜೋರಿದ್ದ ಕಾಲದಾಗ ನಮಗ ಬಿಡುವೇ ಇರ್ಲಿಲ್ಲ. ಸಂಡೂರಿನಾಗ ಯಾವ ಮನಿ ತೊಳೆದ್ರೂ ನೀರು ಕೆಂಪಗಾಗತಿತ್ತು. ಅದಿರಿನ ಧೂಳಾದ್ರ ಬಕೆಟ್ಟಿನ ತಳಕ್ಕ ಕುಂದ್ರತೈತಿ, ರಕ್ತ ಕುಂದ್ರೋದಿಲ್ಲ.

ಲಾರಿ ಡ್ರೈವರ್ ಈಶ್ವರ್ ರೂಮಿನಾಗ ಒಬ್ಬನೇ ರಕ್ತ ಕಾರಿ ಸತ್ತಿದ್ದ. ಭಾಳ ದಿನ ಆದಮ್ಯಾಲೆ ಬಾಗ್ಲು ಒಡೆದಿದ್ರು. ಬ್ಲೀಚಿಂಗ್ ಪೌಡರ್ ಹಾಕಿ, ಬಕೆಟ್ಟಿನ ಕೆಂಪೆಲ್ಲ ತಳಕ್ಕ ಕುಂದ್ರೋತನಕ ತಿಕ್ಕಿದ್ವಿ. ಕಡೀಗೆ, ಅಂಟು ಉಳಿದೈತೇನಂತ ನೋಡಾಕ ಗ್ಲೌಸ್ ತೆಗೆದು ನೆಲದ ಮ್ಯಾಲೆ ಅಂಗೈ ಆಡಿಸ್ದೆ. ಶಾಬಾದಿ ಕಲ್ಲೆಲ್ಲ ತಣ್ಣಗಿದ್ವು. ಅವ ಬಿದ್ದಿದ್ದ ಕಲ್ಲೊಂದು ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದಂಗ. ಮತ್ತ ಮತ್ತ ತಣ್ಣೀರು ಸುರಿದ್ವಿ. ಬಿಸಿ ಹೋಗ್ಲಿಲ್ಲ.

ಎಮ್ಮಿಗನೂರಿಂದ ಬಂದು ಬಾಗ್ಲಾಗ ಕುಂತಿದ್ದ ಅವನ ತಾಯಿ ನೀಲಗಂಗಮ್ಮ ಒಳಗ ಬಂದು, ಆ ಕಲ್ಲಿನ ಪಕ್ಕದಾಗ ಮಲಗಿ ಅದಕ್ಕ ಕೆನ್ನಿ ಹಚ್ಚಿದ್ಲು.

"ಇನ್ನ ತೊಳಿಬ್ಯಾಡ್ರಿ," ಅಂದ್ಲು. "ನನ್ನ ಮಗ ಇಷ್ಟಾದ್ರೂ ಉಳಿದಾನ."

ಬಕೆಟ್ಟು ಎತ್ಕೊಂಡ್ವಿ. ಆಕೀನ ಅಲ್ಲೇ ಬಿಟ್ಟು ಬಂದ್ವಿ.

ಮರುದಿನ ಅದೇ ರೂಮಿಗೆ ಮತ್ತ ಕರೆದ್ರು. ನೀಲಗಂಗಮ್ಮ ಮಲಗಿದಲ್ಲೇ ಸತ್ತಿದ್ಲು. ಮೈ ಪೂರಾ ತಣ್ಣಗಾಗಿತ್ತು. ಹೆಣ ಎತ್ಕೊಂಡು ಹೋದಮ್ಯಾಲೆ ಭರಮಮ್ಮ ನೆಲ ಮುಟ್ಟಿ, ನನ್ನ ಮುಖ ನೋಡಿದ್ಲು.

ಈಗ ಎರಡು ಕಲ್ಲು ಬೆಚ್ಚಗಿದ್ವು.