ಸಕ್ಕರೆಯ ಬೇಲಿ

ಅವನು ಆ ಕಲ್ಲಿನ ಮೇಲೆ ಕಾಲಿಟ್ಟು ದಂಡ ಹೊಡೆಯುತ್ತಿದ್ದ.

ಮಿನೋರಿ ಸೈಕಲ್ ನಿಲ್ಲಿಸಿದಳು. ನಾಗೋಯಾದ ವಿಶ್ವವಿದ್ಯಾಲಯದ ಹಿಂಬಾಗಿಲ ಬಳಿಯ ಆ ಕಲ್ಲು, ಪ್ರಯೋಗಶಾಲೆಯಲ್ಲಿ ಸತ್ತ ಪ್ರಾಣಿಗಳ ನೆನಪಿಗೆ ನೆಟ್ಟದ್ದು. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಬಂದು ಅದಕ್ಕೆ ಹೂವಿಟ್ಟು ತಲೆಬಾಗುತ್ತಾರೆ. ಇವತ್ತೇ ಆ ದಿನ. ಅವಳ ಬುಟ್ಟಿಯಲ್ಲಿ ಬಿಳಿ ಸೇವಂತಿಗೆ ಇತ್ತು.

"ಏಯ್, ಕಾಲು ತೆಗೀರಿ!"

ಅವನು ತಲೆ ಎತ್ತಿದ. ಹುಬ್ಬಿನ ಮೇಲೆ ಹೊಲಿಗೆ. ಒಂದು ಕಣ್ಣು ನೇರಳೆ ಹಣ್ಣಿನಂತೆ ಊದಿತ್ತು. ಇನ್ನೊಂದು ಕಣ್ಣು ಮಾತ್ರ ಅವಳನ್ನು ಕಾಲಿನಿಂದ ಮುಖದವರೆಗೆ ಆರಾಮವಾಗಿ ನೋಡಿತು.

"ಯಾಕ್ರೀ, ಕಲ್ಲಿಗೆ ನೋವಾಗುತ್ತಾ?"

"ಇಲಿಗಳಿಗೆ ಆಗುತ್ತೆ. ಅದು ಅವುಗಳ ಕಲ್ಲು."

ಅವನು ಹಾವು ತುಳಿದವನಂತೆ ಹಾರಿದ. ಬೆವರು ಒರೆಸಿಕೊಂಡು, ಕಲ್ಲಿಗೆ ಸೊಂಟ ಬಗ್ಗಿಸಿ ಗಂಭೀರವಾಗಿ ಕ್ಷಮೆ ಕೇಳಿದ. "ಪಾಪ. ಯಾರು ಕೊಂದಿದ್ದು?"

"ನಾನು."

"ಹೇಗೆ?"

"ತಲೆಗೆ ಹೊಡೆದು."

ಅವನು ನಕ್ಕ. ಒಡೆದ ತುಟಿಯಿಂದ ರಕ್ತ ಜಿನುಗಿತು. "ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನೋರು, ಡಾಕ್ಟ್ರೇ."

ಅವನ ಹೆಸರು ಗೆಂತಾ. ಹಗಲು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಫ್ರಿಜ್ಜು, ಬೀರು ಹೊರುತ್ತಿದ್ದ. ಸಂಜೆ ರೈಲ್ವೆ ಸೇತುವೆಯ ಕೆಳಗಿನ ಜಿಮ್‌ನಲ್ಲಿ ಬಾಕ್ಸಿಂಗ್. ಮರುದಿನ ಕಲ್ಲಿನ ಮುಂದೆ ಒಂದು ತುಂಡು ಚೀಸ್ ಇತ್ತು. ಪಕ್ಕದಲ್ಲಿ ಅವನು ನಿಂತಿದ್ದ.

"ಇಲಿಗಳಿಗೆ ಚೀಸ್ ಅಷ್ಟೇನೂ ಇಷ್ಟ ಇಲ್ಲ," ಎಂದಳು ಮಿನೋರಿ. "ಸೂರ್ಯಕಾಂತಿ ಬೀಜ ಇಷ್ಟ."

"ನಿಮಗೆ?"

"ನನಗೆ ಅಲಸಂದೆ ಹೂರಣ ಸವರಿದ ಟೋಸ್ಟ್."

ಹೀಗೆ ಶುರುವಾಯಿತು. ಸ್ಟೇಷನ್ನಿನ ಎದುರಿನ ಕಾಫಿ ಅಂಗಡಿಯಲ್ಲಿ ಅವಳು ಕೆಂಪು ಅಲಸಂದೆಯ ಸಿಹಿ ಹೂರಣದ ಟೋಸ್ಟ್ ತಿನ್ನುತ್ತಿದ್ದಳು. ತೂಕ ಇಳಿಸಬೇಕಾದ ಅವನು ಬರೀ ಕಪ್ಪು ಕಾಫಿ ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದ. ಟೋಸ್ಟ್ ನೋಡುತ್ತಿದ್ದಾನೋ ತುಟಿ ನೋಡುತ್ತಿದ್ದಾನೋ ತಿಳಿಯದೆ ಅವಳು ಬೇಕೆಂದೇ ನಿಧಾನವಾಗಿ ಅಗಿಯುತ್ತಿದ್ದಳು.

"ನನಗೆ ಸಕ್ಕರೆ ಮುಟ್ಟಬೇಡ ಅಂತಾರೆ ಯಜಮಾನ್ರು," ಎಂದ. ಜಿಮ್‌ನ ಮಾಲೀಕ ಉಮೆಜುನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. "ನೀನು ನೋಡಿದ್ರೆ ನಿನ್ನ ಹೊಟ್ಟೆಪಾಡೇ ಸಕ್ಕರೆ ಅಂತೀಯ. ಏನದು?"

"ಬಾಟಲಿ ತೊಳೆಯೋ ಬ್ರಷ್ ನೋಡಿದ್ದೀಯಲ್ಲ? ಪ್ರೋಟೀನಿಂದು ಒಂದು ಕಡ್ಡಿ, ಅದರ ಸುತ್ತ ಸಕ್ಕರೆಯ ಸರಪಳಿಗಳು. ಹೊಟ್ಟೇಲಿರೋ ಮಗುವಿನ ಮಿದುಳಲ್ಲಿ ನರಗಳು ದಾರಿ ಹುಡುಕ್ಕೊಂಡು ಬೆಳೀತಾವೆ. ಈ ಕಡೆ ಬರಬೇಡ ಅಂತ ಬೇಲಿ ಹಾಕೋದು ಈ ಸಕ್ಕರೆಗಳು."

"ಬೆಳೆದ ಮೇಲೆ?"

"ತಲೆಗೆ ಏಟು ಬಿದ್ರೆ ಮಿದುಳು ಗಾಯದ ಸುತ್ತ ಮತ್ತೆ ಅದೇ ಬೇಲಿ ಕಟ್ಟುತ್ತೆ. ಮೊದಮೊದಲು ಒಳ್ಳೇದೇ, ಗಾಯ ಹರಡಲ್ಲ. ಆಮೇಲೆ ಅದೇ ಅಡ್ಡ ಬರುತ್ತೆ. ಕಡಿದ ನರ ಮತ್ತೆ ಬೆಳೆಯೋಕೆ ಬಿಡಲ್ಲ."

"ಕಿತ್ತು ಹಾಕೋಕಾಗಲ್ವಾ?"

"ಒಂದು ಬ್ಯಾಕ್ಟೀರಿಯಾದ ಕಿಣ್ವ ಇದೆ, ಸರಪಳೀನ ಕತ್ತರಿಸುತ್ತೆ. ಇಲಿಗೆ ಕೊಡ್ತೀವಿ."

"ನನಗೂ ಒಂದು ಇಂಜೆಕ್ಷನ್ ಎತ್ತಿಡು," ಎಂದು ಅವನು ಅವಳ ಬೆರಳ ತುದಿಗೆ ಅಂಟಿದ್ದ ಹೂರಣವನ್ನು ನೆಕ್ಕಿಬಿಟ್ಟ. ಪಕ್ಕದ ಮೇಜಿನ ಅಜ್ಜಿ ಕೆಮ್ಮಿದಳು.

ಅವಳ ಕೆಲಸ ಸುಂದರವಾದದ್ದಲ್ಲ. ಅರಿವಳಿಕೆ ಕೊಟ್ಟ ಇಲಿಯ ತಲೆಬುರುಡೆಯ ಮೇಲೆ ಉಕ್ಕಿನ ಸರಳನ್ನು ಕೊಳವೆಯೊಳಗಿಂದ ಬೀಳಿಸಬೇಕು. ಟಕ್ ಎಂಬ ಸದ್ದು. ಆಮೇಲೆ ಆ ಇಲಿಯನ್ನು ತಂತಿಜಾಲದ ಮೇಲೆ ನಡೆಸಬೇಕು. ಪೆಟ್ಟು ತಿಂದ ಭಾಗದ ಹಿಡಿತದಲ್ಲಿರುವ ಕಾಲು ಜಾಲದ ಕಿಂಡಿಯಲ್ಲಿ ಜಾರುತ್ತದೆ. ಮಿನೋರಿಯ ಕಣ್ಣು ಆ ಜಾರುವಿಕೆಗೆ ಎಷ್ಟು ಪಳಗಿತ್ತೆಂದರೆ, ರಸ್ತೆಯಲ್ಲಿ ನಡೆಯುವವರ ಕಾಲನ್ನೂ ಅವಳು ಹಾಗೇ ನೋಡುತ್ತಿದ್ದಳು.

ವಸಂತದ ಒಂದು ಮಧ್ಯಾಹ್ನ ಗೆಂತಾ ಅವನ ಬಾಡಿಗೆ ಮನೆಯ ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದ. ಅವಳು ಹಿಂದಿದ್ದಳು. ಅವನ ಎಡಗಾಲಿನ ಬೆರಳು ಮೆಟ್ಟಿಲ ಅಂಚು ತಪ್ಪಿತು. ಸ್ವಲ್ಪವೇ.

"ಮತ್ತೊಂದು ಸಲ ಹತ್ತು."

"ಯಾಕೆ? ಹಿಂದಿನಿಂದ ನೋಡೋಕೆ ಚೆನ್ನಾಗಿದೀನಾ?"

"ಹತ್ತು ಗೆಂತಾ!"

ಹತ್ತಿದ. ಮತ್ತೆ ತಪ್ಪಿತು.

ಬಾಗಿಲು ಹಾಕಿದ ಮೇಲೆ ನಿಜ ಹೊರಬಿತ್ತು. ಅಭ್ಯಾಸದ ಆಟದಲ್ಲಿ ಬಲಗಡೆ ಕಪಾಳಕ್ಕೆ ಭಾರಿ ಏಟು ಬಿದ್ದಿತ್ತು. ವಾಂತಿಯಾಗಿತ್ತು. ಆಗಿನಿಂದ ತಲೆನೋವು. ಯಾರಿಗೂ ಹೇಳಬೇಡ ಎಂದಿದ್ದರು ಯಜಮಾನರು.

"ನಾಳೆ ಸ್ಕ್ಯಾನ್ ಮಾಡಿಸೋಣ."

"ತಲೆಯೊಳಗೆ ಒಂದು ಹನಿ ರಕ್ತ ಕಂಡ್ರೂ ಲೈಸೆನ್ಸ್ ಹೋಯ್ತು. ಸಾಯೋವರೆಗೂ ರಿಂಗ್ ಹತ್ತೋ ಹಾಗಿಲ್ಲ. ಮುಂದಿನ ತಿಂಗಳು ಟೈಟಲ್ ಫೈಟ್ ಇದೆ ಮಿನೋರಿ. ಫ್ರಿಜ್ ಹೊರೋಕಾ ನಾನು ಹುಟ್ಟಿರೋದು?"

"ಇನ್ನೊಂದು ಏಟಿಗೆ ಸತ್ತುಹೋಗ್ತೀಯ."

"ಆಮೇಲೆ ನಿನ್ನ ಕಿಣ್ವ ಚುಚ್ಚು. ಇಲಿಗೆ ಕೊಡ್ತೀಯ, ನನಗ್ಯಾಕೆ ಕೊಡಲ್ಲ?"

"ಅದು ಮನುಷ್ಯರಿಗಲ್ಲ! ಬೇಲಿ ಬೇಗ ಕಿತ್ರೆ ಗಾಯ ಒಳಗೇ ಹರಡುತ್ತೆ. ನಾನೇ ಹಾಗೆ ಮಾಡಿ ಎಷ್ಟೋ ಇಲೀನ ಸಾಯಿಸಿದೀನಿ!"

ಅವನು ಗೋಡೆಗೆ ಗುದ್ದಿದ. ಹಲಗೆ ಒಡೆದು ಮುಷ್ಟಿ ಒಳಗೆ ಹೋಯಿತು. ಗೆಣ್ಣಿನಿಂದ ರಕ್ತ ಸುರಿಯಿತು. ಅವಳು ಅವನ ಕೈಗೆ ಪಟ್ಟಿ ಸುತ್ತಿದಳು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

"ಹೇಳಲ್ಲ. ಆದ್ರೆ ಫೈಟ್ ದಿನ ರಿಂಗಲ್ಲಿ ನಿನ್ನ ಮೂಲೆ ಹಿಂದಿನ ಸೀಟು ನನ್ನದು. ಎಡಗಾಲು ಜಾರಿದ್ರೆ ನಾನು ಸುಮ್ನಿರಲ್ಲ."

"ಏನ್ ಮಾಡ್ತೀಯ, ರಿಂಗಿಗೆ ಹಾರ್ತೀಯಾ?" ಎಂದು ಅವನು ಅವಳ ಹಣೆಗೆ ಹಣೆ ತಾಗಿಸಿ ನಕ್ಕ.

ಬಾಕ್ಸಿಂಗ್ ಮಂಡಳಿಗೆ ಫೋನ್ ಮಾಡಲು ಅವಳು ಹಲವು ಸಲ ಹೊರಟಳು, ಮಾಡಲಿಲ್ಲ. ಅದು ಹೇಡಿತನ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಳು.

ಎದುರಾಳಿ ಒಸಾಕಾದ ಯಾಸುಗಿ. ಗಿಡ್ಡ, ಕುತ್ತಿಗೆಯೇ ಇಲ್ಲದವನು. ಮೊದಲ ಸುತ್ತಿನಲ್ಲೇ ಗೆಂತಾ ಅವನ ಮೂಗು ಮುರಿದ. ಮೂರನೇ ಸುತ್ತಿನಲ್ಲಿ ಯಾಸುಗಿಯ ಹುಬ್ಬು ಸೀಳಿ ಮುಂದಿನ ಸಾಲಿನವರ ಅಂಗಿಗೆಲ್ಲ ರಕ್ತ ಸಿಡಿಯಿತು. ಜನ ಹುಚ್ಚೆದ್ದು ಕೂಗುತ್ತಿದ್ದರು. ಗೆಂತಾ ಗೆಲ್ಲುತ್ತಿದ್ದ. ಅಷ್ಟು ಚೆಂದವಾಗಿ ಅವನನ್ನು ಅವಳು ಯಾವತ್ತೂ ನೋಡಿರಲಿಲ್ಲ. ಮಿನೋರಿ ಅವನ ಮುಖ ಬಿಟ್ಟು ಕಾಲನ್ನೇ ನೋಡಿದಳು.

ಆರನೇ ಸುತ್ತು. ಯಾಸುಗಿಯ ಏಟು ಬಲಗಡೆ ಕಪಾಳಕ್ಕೆ ಬಿತ್ತು. ಟಕ್. ಅಂಥ ಗಲಾಟೆಯಲ್ಲೂ ಅವಳಿಗೆ ಆ ಸದ್ದು ಕೇಳಿಸಿತು. ಗೆಂತಾ ತಿರುಗಿ ಹೊಡೆದ. ಎಡಗಾಲು ಜಾರಿತು. ಊರಿದ, ಮತ್ತೆ ಜಾರಿತು.

"ನಿಲ್ಲಿಸಿ!"

"ಕೂತ್ಕೊಳಮ್ಮ! ಗೆಲ್ತಿದಾನೆ!" ಎಂದು ಉಮೆಜು ಅವಳ ಕೈ ತಳ್ಳಿದ. ಅವಳು ಅವನ ಹೆಗಲ ಮೇಲಿದ್ದ ಟವೆಲ್ ಕಿತ್ತು ರಿಂಗಿಗೆ ಎಸೆದಳು.

ಟವೆಲ್ ಬಿದ್ದರೆ ಆ ಮೂಲೆಯವರು ಸೋಲೊಪ್ಪಿದಂತೆ. ರೆಫರಿ ಇಬ್ಬರ ನಡುವೆ ನುಗ್ಗಿದ. ಗೆಂತಾ ಟವೆಲನ್ನೂ ಅವಳನ್ನೂ ನೋಡಿದ. ಬಿಯರ್ ಲೋಟವೊಂದು ಅವಳ ಬೆನ್ನಿಗೆ ಬಡಿಯಿತು. ಉಮೆಜು ಅವಳ ಕೂದಲು ಹಿಡಿದೆಳೆದ. ಅವಳು ಅವನ ಕೈ ಕಚ್ಚಿ ಬಿಡಿಸಿಕೊಂಡು, ಮಂಡಳಿಯ ವೈದ್ಯರಿಗೆ ಕಿರುಚಿ ಎಲ್ಲವನ್ನೂ ಹೇಳಿದಳು. ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಸ್ಕ್ಯಾನ್‌ನಲ್ಲಿ ಹಳೆಯ ರಕ್ತದ ತೆಳು ಪದರ ಕಂಡಿತು. ಹೊಸದೇನೂ ಇರಲಿಲ್ಲ. ಆಟ ಮುಂದುವರಿದಿದ್ದರೆ ಸಾಯುತ್ತಿದ್ದನೋ ಟೈಟಲ್ ಬೆಲ್ಟ್ ಗೆಲ್ಲುತ್ತಿದ್ದನೋ ಯಾರೂ ಹೇಳಲಾರರು. ಲೈಸೆನ್ಸ್ ಮಾತ್ರ ಹೋಯಿತು.

"ಕೊಂದುಬಿಟ್ಟೆ," ಎಂದ ಗೆಂತಾ ಆಸ್ಪತ್ರೆಯ ಹಾಸಿಗೆಯಿಂದ. "ಇಲಿ ಕೊಂದ ಹಾಗೆ. ಹೋಗು."

ಹೋದಳು. ಅವಳು ಫೋನ್ ಮಾಡಲಿಲ್ಲ, ಅವನ ಜಿಮ್ ಕಡೆಗೂ ಸುಳಿಯಲಿಲ್ಲ. ಬೇಲಿಯನ್ನು ಬೇಗ ಕಿತ್ತರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಯೋಗಶಾಲೆಯಲ್ಲಿ ಸರಳು ಬೀಳಿಸುವಾಗ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಮತ್ತೆ ಶರತ್ಕಾಲ ಬಂತು. ಕಪ್ಪು ಬಟ್ಟೆಯವರೆಲ್ಲ ಹೂವಿಟ್ಟು ಚದುರಿದ ಮೇಲೆ ಅವಳು ಒಬ್ಬಳೇ ಕಲ್ಲಿನ ಮುಂದೆ ನಿಂತಿದ್ದಳು. ಹಿಂದಿನಿಂದ ಒಂದು ಕೈ ಚಾಚಿ ಸೇವಂತಿಗೆಗಳ ಪಕ್ಕ ಸೂರ್ಯಕಾಂತಿ ಬೀಜದ ಪೊಟ್ಟಣ ಇಟ್ಟಿತು. ಗೆಣ್ಣುಗಳಲ್ಲಿ ಹಳೆಯ ಕಲೆ.

"ಈ ಸಲ ಸರಿಯಾದದ್ದೇ ತಂದಿದೀನಾ?"

"ಹ್ಞೂಂ."

"ಸಿಟ್ಟು ಇನ್ನೂ ಹೋಗಿಲ್ಲ," ಎಂದ. "ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಹೋಗದಿದ್ರೂ ಪರವಾಗಿಲ್ಲ."

"ಮತ್ತೆ ಅಂಥದ್ದೇ ಬಂದ್ರೆ ಎಸೀತೀಯಾ?"

"ಇನ್ನೂ ಬೇಗ ಎಸೀತೀನಿ. ಮೊದಲನೇ ದಿನವೇ ಫೋನ್ ಮಾಡ್ತೀನಿ. ನೀನು ಸತ್ತ ಮೇಲೆ ಮಾತು ಉಳಿಸ್ಕೊಂಡು ಏನ್ ಮಾಡ್ಲಿ?"

ಅವನು ಅವಳ ಮುಖ ನೋಡಿದ. ಈಗ ಎರಡು ಕಣ್ಣೂ ನೆಟ್ಟಗಿದ್ದವು. ಅಷ್ಟು ಹತ್ತಿರದಿಂದ ಆ ಎರಡೂ ಕಣ್ಣನ್ನು ಒಟ್ಟಿಗೆ ಎದುರಿಸುವುದು ಕಷ್ಟ ಎಂದು ಅವಳಿಗೆ ಆಗಲೇ ಗೊತ್ತಾಯಿತು.

"ಟೋಸ್ಟ್ ತಿನ್ನಬೇಕು," ಎಂದ. "ನನ್ನ ತೂಕ ನೋಡೋರು ಈಗ ಯಾರೂ ಇಲ್ಲ."

ಹಿಂಬಾಗಿಲಿನಿಂದ ರಸ್ತೆಗಿಳಿಯುವಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಅವನ ಎಡಗಾಲು ಅಂಚು ತಪ್ಪಿತು. ಅವಳ ಕೈ ತಾನಾಗಿ ಅವನ ತೋಳು ಹಿಡಿಯಿತು.

"ಕಂಡ್ಯಾ?"

"ಇಲ್ಲ."

"ಸುಳ್ಳಿ."

"ಹೂಂ, ಸುಳ್ಳಿ," ಎಂದಳು. ಅವನು ತೋಳು ಬಿಡಿಸಿಕೊಳ್ಳಲಿಲ್ಲ. ಮುಂದಿನ ಮೆಟ್ಟಿಲಿಗೆ ಎಡಗಾಲನ್ನೇ ಮೊದಲು ಇಟ್ಟ.